‘ಬರುತ್ತೆ’, ‘ಬರಲ್ಲ’ ಅಂತ ಬರೆದರೆ ಏನು ಗೊತ್ತಾಯಿತು?

ಅಂಗನವಾಡಿ ಮತ್ತು ಎಲ್‌ಕೆಜಿ ಶಿಕ್ಷಕಿಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಎಲ್ಲಿಗೆ ಹೋದರೂ ಮೊದಲು ಮಕ್ಕಳ ಪ್ರಗತಿ ಪುಸ್ತಕ ಕೇಳುತ್ತೇನೆ. ತೆರೆದರೆ ಸಾಲು ಸಾಲಾಗಿ ಎರಡೇ ಮಾತು. ‘ಎಣಿಕೆ ಬರುತ್ತೆ.’ ‘ಬಣ್ಣ ಬರಲ್ಲ.’ ಮೂವತ್ತು ಮಕ್ಕಳದ್ದನ್ನೂ ಒಂದೇ ಪೆನ್ನಲ್ಲಿ, ಒಂದೇ ಮಧ್ಯಾಹ್ನ ಬರೆದು ಮುಗಿಸಿರುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆ ಶಿಕ್ಷಕಿಗೆ ತನ್ನ ಮಕ್ಕಳ ಬಗ್ಗೆ ಇದಕ್ಕಿಂತ ಎಷ್ಟೋ ಜಾಸ್ತಿ ಗೊತ್ತಿರುತ್ತದೆ. ಯಾರು ಅಜ್ಜಿಯ ಸೆರಗು ಬಿಡಲ್ಲ, ಯಾರು ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಹೆಕ್ಕಿ ಪಕ್ಕಕ್ಕಿಡುತ್ತಾರೆ, ಎಲ್ಲವೂ ಬಾಯಲ್ಲೇ ಇರುತ್ತದೆ. ಪುಸ್ತಕದಲ್ಲಿ ಮಾತ್ರ ಒಂದಕ್ಷರ ಇರುವುದಿಲ್ಲ.

ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ‘ಎಣಿಕೆ ಬರಲ್ಲ’ ಅಂತ ಬರೆದಿದ್ದೀರಲ್ಲ, ನಾಳೆ ಬೆಳಿಗ್ಗೆ ಈ ಮಗುವಿನ ಜೊತೆ ಏನು ಮಾಡುತ್ತೀರಿ? ಉತ್ತರ ಬರುವುದಿಲ್ಲ. ಬರೆದದ್ದರಲ್ಲಿ ಅದಕ್ಕೆ ಸುಳಿವೇ ಇಲ್ಲ.

ಒಮ್ಮೆ ನಾಲ್ಕೂವರೆ ವರ್ಷದ ಹುಡುಗನ ಮುಂದೆ ಏಳು ಹುಣಸೆ ಬೀಜ ಇಟ್ಟೆ. ಒಂದೊಂದರ ಮೇಲೂ ಬೆರಳಿಟ್ಟು ಸರಿಯಾಗಿ ಏಳರವರೆಗೆ ಹೇಳಿದ. ‘ಹಾಗಾದ್ರೆ ಎಷ್ಟಿವೆ?’ ಅಂದೆ. ಮತ್ತೆ ಒಂದರಿಂದ ಶುರು ಮಾಡಿದ. ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಎಣಿಸಿದ, ಬೇಜಾರಿಲ್ಲದೆ. ನೂರರವರೆಗೆ ಬರುತ್ತೆ ಅಂತ ಅವನ ಅಮ್ಮ ಹೇಳಿದ್ದರು. ಅದು ಸುಳ್ಳಲ್ಲ, ನೂರರವರೆಗೆ ಹೇಳುತ್ತಾನೆ. ಆದರೆ ಕೊನೆಯಲ್ಲಿ ಹೇಳಿದ ‘ಏಳು’ ಇಡೀ ಗುಂಪಿನ ಲೆಕ್ಕ ಅನ್ನುವುದು ಅವನಿಗಿನ್ನೂ ಹೊಳೆದಿಲ್ಲ.

ಪಕ್ಕದಲ್ಲಿ ಕೂತಿದ್ದ ಹುಡುಗಿಯದು ಬೇರೆ ಕಥೆ. ಅದೇ ಏಳು ಬೀಜವನ್ನು ಅವಳು ಒಂಬತ್ತು ಅಂದಳು. ಎಷ್ಟಿವೆ ಅಂದರೆ ಥಟ್ಟನೆ ‘ಒಂಬತ್ತು’. ಕೊನೆಯ ಸಂಖ್ಯೆಯೇ ಒಟ್ಟು ಲೆಕ್ಕ ಅಂತ ಅವಳಿಗೆ ಗೊತ್ತು. ಎಣಿಸಿದ ಬೀಜವನ್ನೇ ಮತ್ತೆ ಮುಟ್ಟುತ್ತಾಳೆ, ಅಷ್ಟೆ.

ಇಬ್ಬರ ಪುಸ್ತಕದಲ್ಲೂ ಅದೇ ‘ಎಣಿಕೆ ಬರಲ್ಲ’. ಆದರೆ ಇಬ್ಬರಿಗೂ ನಾಳೆ ಬೇಕಾದದ್ದು ಒಂದೇ ಅಲ್ಲ, ಅಲ್ವಾ? ಹುಡುಗಿಗೆ ಒಂದು ಬಟ್ಟಲು ಕೊಡಿ, ಎಣಿಸಿದ ಬೀಜವನ್ನು ಅದಕ್ಕೆ ಹಾಕುತ್ತಾ ಹೋಗಲಿ. ಹುಡುಗನಿಗೆ ‘ನಂಗೆ ಮೂರು ಬೀಜ ಕೊಡು’ ಅನ್ನಿ. ಮೂರಕ್ಕೆ ನಿಲ್ಲಿಸುತ್ತಾನಾ, ಮುಷ್ಟಿ ತುಂಬ ತಂದು ಸುರಿಯುತ್ತಾನಾ ನೋಡಿ. ಮೂರು ಸರಿಯಾದರೆ ನಾಲ್ಕು ಕೇಳಿ. ಕೊನೆಯ ಸಂಖ್ಯೆಯೇ ಒಟ್ಟು ಲೆಕ್ಕ ಅನ್ನುವುದು ಕೆಲವು ಮಕ್ಕಳಿಗೆ ಮೂರೂವರೆ ವರ್ಷಕ್ಕೇ ಹೊಳೆಯುತ್ತದೆ, ಕೆಲವರಿಗೆ ನಾಲ್ಕು ವರ್ಷ ದಾಟಬೇಕು. ಅವಸರ ಮಾಡಿ ಐವತ್ತರವರೆಗೆ ಬಾಯಿಪಾಠ ಮಾಡಿಸಿದರೆ ಇದು ಬೇಗ ಬರುವುದಿಲ್ಲ.

ಅದಕ್ಕೇ ಹೇಳುವುದು, ನೋಡಿದ್ದನ್ನು ಬರೆಯಿರಿ. ‘ಏಳು ಬೀಜ ಮುಟ್ಟಿ ಎಣಿಸಿದ. ಎಷ್ಟು ಅಂದರೆ ಮತ್ತೆ ಒಂದರಿಂದ ಶುರು ಮಾಡಿದ.’ ಇಷ್ಟು ಸಾಕು. ಇದನ್ನು ಓದಿದ ಯಾವ ಶಿಕ್ಷಕಿಗಾದರೂ ನಾಳೆಯ ಆಟ ತಾನಾಗಿ ಹೊಳೆಯುತ್ತದೆ.

2022ರಲ್ಲಿ ಬಂದ ಬುನಾದಿ ಹಂತದ (ಮೂರರಿಂದ ಎಂಟು ವರ್ಷದ ಮಕ್ಕಳ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಇದೇ ದಾರಿ ಹಿಡಿದಿದೆ. ಈ ವಯಸ್ಸಿನ ಮಕ್ಕಳನ್ನು ಗಮನಿಸಿ, ಅವರು ಮಾಡಿದ ಚಿತ್ರ, ಮಣ್ಣಿನ ಗೊಂಬೆ ನೋಡಿ ತಿಳಿಯಿರಿ ಅನ್ನುತ್ತದೆ. ಪರೀಕ್ಷೆ ಇವರಿಗೆ ತಕ್ಕದ್ದಲ್ಲ ಅಂತಲೂ ಇದೆ. ಆದರೂ ಎಲ್‌ಕೆಜಿಗೆ ‘ಯೂನಿಟ್ ಟೆಸ್ಟ್’ ಮಾಡುವ ಶಾಲೆಗಳನ್ನು ಈಗಲೂ ನೋಡುತ್ತಿದ್ದೇನೆ.

ಬಾಗೇಪಲ್ಲಿ ಕಡೆಯ ಒಂದು ಅಂಗನವಾಡಿ ನೆನಪಾಗುತ್ತದೆ. ಆ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಅಲ್ಲೊಂದು ಹುಡುಗಿ, ಬಾಯಿ ಬಿಡುತ್ತಿರಲಿಲ್ಲ. ಪುಸ್ತಕದಲ್ಲಿ ‘ಮಾತು ಬರಲ್ಲ, ಎಣಿಕೆ ಬರಲ್ಲ’. ಊಟದ ಹೊತ್ತಿಗೆ ಅವಳು ತಟ್ಟೆ ತರಲು ಎದ್ದಳು. ಕೂತಿದ್ದ ಒಬ್ಬೊಬ್ಬರ ಕಡೆಗೂ ಗದ್ದ ಆಡಿಸುತ್ತಾ ತುಟಿಯಲ್ಲೇ ‘ಒಕಟಿ, ರೆಂಡು, ಮೂಡು’ ಅಂದುಕೊಂಡಳು. ಒಳಗೆ ಹೋಗಿ ಒಂಬತ್ತು ತಟ್ಟೆ ತಂದಳು. ಕೂತಿದ್ದವರು ಒಂಬತ್ತೇ ಜನ. ಶಿಕ್ಷಕಿ ನನ್ನ ಮುಖ ನೋಡಿದರು, ಕಣ್ಣು ತುಂಬಿತ್ತು. ಅವರೂ ಮನೆಯಲ್ಲಿ ತೆಲುಗು ಆಡುವವರೇ. ‘ಇಷ್ಟು ದಿನ ನಾನು ಕನ್ನಡದಲ್ಲೇ ಕೇಳ್ತಿದ್ದೆ’ ಅಂದರು.

ಒಂದು ಎಚ್ಚರಿಕೆ ಹೇಳಬೇಕು. ಒಂದು ದಿನ ನೋಡಿದ್ದರ ಮೇಲೆ ಏನನ್ನೂ ತೀರ್ಮಾನಿಸಬೇಡಿ. ಮಗುವಿಗೆ ಜ್ವರ ಇರಬಹುದು, ಮನೆಯಲ್ಲಿ ಜಗಳ ಆಗಿರಬಹುದು, ಸುಮ್ನೆ ಮನಸ್ಸಿಲ್ಲದಿರಬಹುದು. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲವಾದರೂ ನೋಡಿ. ಹೆಸರು ಕರೆದರೂ ತಿರುಗದ, ಯಾವ ಭಾಷೆಯಲ್ಲೂ ಮಾತಾಡದ ಮಗು ಕಂಡರೆ ಮಾತ್ರ ಕಾಯಬೇಡಿ. ಕಿವಿ ಪರೀಕ್ಷೆಗೆ, ಮಕ್ಕಳ ವೈದ್ಯರ ಹತ್ತಿರ ಕಳಿಸಿ. ಏನು ತೊಂದರೆ ಅಂತ ಹೆಸರಿಡುವುದು ವೈದ್ಯರ ಕೆಲಸ, ನಮ್ಮದಲ್ಲ.

‘ಮೂವತ್ತು ಮಕ್ಕಳು, ಅಡುಗೆ, ತೂಕ, ರಿಜಿಸ್ಟರು, ಯಾವಾಗ ಬರೆಯೋದು ಮೇಡಂ?’ ಅಂತ ಕೇಳುತ್ತಾರೆ. ನ್ಯಾಯವಾದ ಮಾತು. ದಿನಕ್ಕೆ ಮೂರೇ ಮಕ್ಕಳನ್ನು ಆರಿಸಿಕೊಳ್ಳಿ. ಒಬ್ಬೊಬ್ಬರದು ಎರಡು ಸಾಲು, ಮೇಲೆ ತಾರೀಖು. ಹತ್ತು ದಿನಕ್ಕೆ ಮೂವತ್ತೂ ಮುಗಿಯುತ್ತದೆ. ಸಣ್ಣ ನೋಟ್‌ಬುಕ್ಕಿಗೆ ಪೆನ್ಸಿಲ್ ಕಟ್ಟಿ ಬಾಗಿಲ ಮೊಳೆಗೆ ನೇತುಹಾಕಿ. ಬೀರುವಿನಲ್ಲಿಟ್ಟರೆ ಅಲ್ಲೇ ಉಳಿಯುತ್ತದೆ.

ಪೋಷಕರ ಸಭೆಯಲ್ಲಿ ಬೀಜದ ಹುಡುಗನ ಅಪ್ಪ ಬಂದಿದ್ದರು. ‘ಲೆಕ್ಕ ಬರುತ್ತಾ, ಬರಲ್ವಾ? ಅಷ್ಟು ಹೇಳಿ’ ಅಂದರು. ನೋಟ್‌ಬುಕ್ ಕೊಟ್ಟೆ. ಎರಡು ಸಾಲನ್ನು ನಿಧಾನಕ್ಕೆ ಓದಿದರು. ಆಮೇಲೆ ಮಗನನ್ನು ಕರೆದು, ಜೇಬಿನಿಂದ ಚಿಲ್ಲರೆ ತೆಗೆದು ಅಂಗೈಯಲ್ಲಿ ಹಿಡಿದು, ‘ಇದ್ರಲ್ಲಿ ಮೂರು ಕಾಸು ತಗೋ ನೋಡಣ’ ಅಂದರು.