ಸೆಲ್ಫ್ ರೇಟೆಡ್ ಹೆಲ್ತ್: ಬಡವ್ರು "ಆರಾಮಾಗಿದೀನಿ" ಅಂದ್ರೆ ಲೆಕ್ಕ ಯಾವ ಕಡೆ ತಪ್ಪುತ್ತೆ?

ಸೆಲ್ಫ್ ರೇಟೆಡ್ ಹೆಲ್ತ್, ಅಂದ್ರೆ ಎಸ್‌ಆರ್‌ಎಚ್, ಇರೋದೇ ಒಂದು ಪ್ರಶ್ನೆ. "ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?" ಬಿಪಿ ನೋಡಲ್ಲ, ರಕ್ತ ತೆಗೆಯಲ್ಲ. ಆದ್ರೂ ಸೀರಿಯಸ್ಸಾಗಿ ತಗೋತಾರೆ, ಯಾಕಂದ್ರೆ 1997ರಲ್ಲಿ ಐಡ್ಲರ್ ಮತ್ತೆ ಬೆನ್ಯಾಮಿನಿ ಅನ್ನೋ ಇಬ್ಬರು ಸಂಶೋಧಕರು 27 ಸ್ಟಡಿ ಒಟ್ಟಿಗಿಟ್ಟು ನೋಡಿದಾಗ, "ಸರಿಯಿಲ್ಲ" ಅಂದವರಲ್ಲಿ ಮುಂದೆ ಸಾವು ಜಾಸ್ತಿ ಅಂತ ಬಹುತೇಕ ಎಲ್ಲದ್ರಲ್ಲೂ ಬಂತು, ಗೊತ್ತಿರೋ ಕಾಯಿಲೆಗಳನ್ನ ಲೆಕ್ಕಕ್ಕೆ ಹಿಡಿದ ಮೇಲೂ.

ಆದಾಯ, ಓದು, ಕೆಲಸ, ಸಾಲ, ಮನೆ, ಅಕ್ಕಪಕ್ಕದವರ ಒಡನಾಟ ಇವೆಲ್ಲ ಈ ಪ್ರಶ್ನೆಗೆ ಬರೋ ಉತ್ತರದ ಮೇಲೆ ಪರಿಣಾಮ ಬೀರತ್ತೆ. ಒಂದು ಮಾತ್ರ ನೆನಪಿಡಿ: ಕೆಲಸ ಹೋಗಿ ಆರೋಗ್ಯ ಕೆಟ್ಟಿತಾ, ಆರೋಗ್ಯ ಕೆಟ್ಟು ಕೆಲಸ ಹೋಯ್ತಾ ಅನ್ನೋದು ಒಂದೇ ಸಲ ಮಾಡಿದ ಸರ್ವೇಲಿ ಗೊತ್ತಾಗಲ್ಲ, ಅದೇ ಜನರನ್ನ ವರ್ಷಗಟ್ಟಲೆ ಫಾಲೋ ಮಾಡ್ಬೇಕು.

ಈಗ ತಲೆ ಕೆಡಿಸೋ ಭಾಗ. 2002ರಲ್ಲಿ ಅಮರ್ತ್ಯ ಸೇನ್ ಬ್ರಿಟಿಷ್ ಮೆಡಿಕಲ್ ಜರ್ನಲ್ಲಲ್ಲಿ ಬರೆದಿದ್ದು: ಕೇರಳದಲ್ಲಿ ಆಯಸ್ಸು ಜಾಸ್ತಿ, ಆದ್ರೆ ಕಾಯಿಲೆ ಇದೆ ಅನ್ನೋರೂ ಅಲ್ಲೇ ಜಾಸ್ತಿ. ಬಿಹಾರದಲ್ಲಿ ಆಯಸ್ಸು ಕಮ್ಮಿ, ಕಾಯಿಲೆ ಅಂತ ಹೇಳೋರೂ ಕಮ್ಮಿ. ಅಮೆರಿಕದವರು ಕೇರಳಕ್ಕಿಂತ ಜಾಸ್ತಿ ಹೇಳ್ತಾರೆ! ಓದು ಇದ್ದು, ಹತ್ರದಲ್ಲೇ ಆಸ್ಪತ್ರೆ ಇದ್ರೆ ಇದು ಕಾಯಿಲೆ ಅಂತ ಗೊತ್ತಾಗತ್ತೆ. ಇಲ್ಲದ ಕಡೆ ಸೊಂಟ ನೋವು, ಸುಸ್ತು ಎಲ್ಲ "ವಯಸ್ಸಾಯ್ತಲ್ಲ" ಲೆಕ್ಕಕ್ಕೆ ಹೋಗತ್ತೆ. (ಕೇರಳದಲ್ಲಿ ವಯಸ್ಸಾದವರೂ ಜಾಸ್ತಿ, ಹಾಗಾಗಿ ಅಲ್ಲಿ ಹೇಳೋ ಕಾಯಿಲೆಯಲ್ಲಿ ಒಂದಷ್ಟು ನಿಜವಾದ್ದೇ.)

ಹಾಗಾದ್ರೆ ಎಸ್‌ಆರ್‌ಎಚ್ ವೇಸ್ಟಾ? ಇಲ್ಲ, ನಿಧಾನಕ್ಕೆ ನೋಡಿ. ಸುಮ್ನೆ ಊಹೆಯ ಲೆಕ್ಕ: ಬಡ ಕೇರಿಯಲ್ಲಿ 100 ಜನ, 40 ಜನಕ್ಕೆ ನಿಜಕ್ಕೂ ಹುಷಾರಿಲ್ಲ. ಅದ್ರಲ್ಲಿ 10 ಜನ "ಪರವಾಗಿಲ್ಲ" ಅಂದ್ಬಿಟ್ರು, ಸರ್ವೇಲಿ 30 ಬಂತು. ಅನುಕೂಲಸ್ಥರ ಬಡಾವಣೆಯಲ್ಲೂ 100 ಜನ, ಹುಷಾರಿಲ್ಲದ 20 ಜನರೂ ಹೇಳಿದ್ರು. ಸರ್ವೇ ತೋರಿಸೋ ಅಂತರ 10, ನಿಜವಾದ ಅಂತರ 20. ಅಂದ್ರೆ ಬಡವ್ರು ಕಮ್ಮಿ ಹೇಳಿದ್ರೆ ಅಂತರ ಇದ್ದಿದ್ದಕ್ಕಿಂತ ಚಿಕ್ಕದಾಗಿ ಕಾಣತ್ತೆ, ಅಷ್ಟಾದ್ರೂ ಅಂತರ ಕಂಡಿದೆ ಅಂದ್ರೆ ನಿಜ ಅದಕ್ಕಿಂತ ದೊಡ್ಡದು. ಬಡ ಕೇರಿಯಲ್ಲಿ ಬಾಯಿಬಿಟ್ಟವರು 15 ಜನ ಮಾತ್ರ ಆಗಿದ್ರೆ? ಆಗ ಲೆಕ್ಕ ಉಲ್ಟಾ ಆಗಿ ಬಡವ್ರೇ ಗಟ್ಟಿ ಅಂತ ಬರತ್ತೆ, ಬಿಹಾರ-ಕೇರಳದಲ್ಲಿ ಕಾಣೋದು ಈ ಥರದ್ದು. ಆದ್ರೆ 2009ರಲ್ಲಿ ಸಂಶೋಧಕ ಎಸ್. ವಿ. ಸುಬ್ರಮಣಿಯನ್ ಮತ್ತವರ ಜೊತೆಯವರು ಭಾರತದ ಡೇಟಾ ನೋಡಿದಾಗ, ಓದು ಕಮ್ಮಿ ಇರೋರೇ ಆರೋಗ್ಯ ಸರಿಯಿಲ್ಲ ಅಂತ ಜಾಸ್ತಿ ಹೇಳಿದ್ರು. ಹಾಗಾಗಿ ರಾಜ್ಯ-ರಾಜ್ಯ ಹೋಲಿಸುವಾಗ ಹುಷಾರು, ಒಂದೇ ಕಡೆ ಇರೋ ಬಡವ-ಶ್ರೀಮಂತರ ಮಧ್ಯೆ ಅಂತರ ಬಂದ್ರೆ ಅದನ್ನ ತಳ್ಳಿಹಾಕ್ಬೇಡಿ.

ಇನ್ನೊಂದು, ಬಯಾಸ್, ಅಂದ್ರೆ ಉತ್ತರ ಒಂದೇ ಕಡೆ ವಾಲೋದು, ಯಾವಾಗ್ಲೂ ಇದೇ ದಿಕ್ಕಲ್ಲಿ ಇರಲ್ಲ. ಕಾಯಿಲೆ ಇದ್ರೆ ಸರ್ಕಾರದ ಭತ್ಯೆ ಸಿಗೋ ದೇಶಗಳಲ್ಲಿ ಕೆಲಸ ಇಲ್ಲದವರು ಜಾಸ್ತಿನೂ ಹೇಳಬಹುದು, ಇದಕ್ಕೆ ಜಸ್ಟಿಫಿಕೇಶನ್ ಬಯಾಸ್ ಅಂತಾರೆ.

ಇದನ್ನ ಸರಿಪಡಿಸೋಕೆ ವಿನೆಟ್, ಅಂದ್ರೆ ಪುಟ್ಟ ಕಥೆ, ಬಳಸ್ತಾರೆ: ಒಬ್ಬ ಕಾಲ್ಪನಿಕ ವ್ಯಕ್ತಿ, ಸ್ವಲ್ಪ ದೂರ ನಡೀತಾನೆ, ಮೆಟ್ಟಿಲು ಹತ್ತಿದ್ರೆ ಏದುಸಿರು, ಅವನ ಆರೋಗ್ಯ ಹೇಗಿದೆ ಅಂತ ಎಲ್ರಿಗೂ ಕೇಳೋದು. ಒಬ್ರು "ಚೆನ್ನಾಗಿದೆ", ಇನ್ನೊಬ್ರು "ಸರಿಯಿಲ್ಲ" ಅಂದ್ರೆ ಇಬ್ಬರ ಅಳತೆಗೋಲು ಬೇರೆ ಅಂತ ಗೊತ್ತಾಗತ್ತೆ, ಆಮೇಲೆ ಅವರವರ ಸ್ವಂತ ಉತ್ತರನ ಅದಕ್ಕೆ ತಕ್ಕಂಗೆ ಹೊಂದಿಸ್ತಾರೆ. ಇದೂ ನಿಂತಿರೋದು ಎಲ್ರೂ ಆ ಕಥೆನ ಒಂದೇ ಥರ ಅರ್ಥ ಮಾಡ್ಕೊಂಡಿದಾರೆ ಅನ್ನೋ ನಂಬಿಕೆ ಮೇಲೆ, ಅದು ನನಗಂತೂ ಸ್ವಲ್ಪ ಜಾಸ್ತಿ ಆಯ್ತು ಅನ್ಸತ್ತೆ.