ಹಾಡೂ ನಮ್ಮದೇ, ಟೇಪೂ ನಮ್ಮದೇ

ಒಂದು ರಾಕ್ ಬ್ಯಾಂಡ್ ತನ್ನ ಆಲ್ಬಂ ತಾನೇ ರೆಕಾರ್ಡ್ ಮಾಡಿ, ತಾನೇ ಬಿಡುಗಡೆ ಮಾಡಿತು ಅಂದರೆ ಇವತ್ತು ಯಾರೂ ಅಚ್ಚರಿಪಡಲ್ಲ. ಐವತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿ ಏರುತ್ತಿತ್ತು. ಆ ಖರ್ಚು ಹಾಕುತ್ತಿದ್ದದ್ದು ರೆಕಾರ್ಡ್ ಕಂಪನಿ. ಹಾಕಿದ್ದು ಬರೀ ಮುಂಗಡ, ಅದನ್ನು ಆಮೇಲೆ ಬ್ಯಾಂಡಿನ ಪಾಲಿನಲ್ಲೇ ಮುರಿದುಕೊಳ್ಳುತ್ತಿದ್ದರು. ಲೆಕ್ಕ ಚುಕ್ತಾ ಆದರೂ ಮಾಸ್ಟರ್ ಟೇಪ್, ಅಂದರೆ ಹಾಡಿನ ಮೂಲ ರೆಕಾರ್ಡಿಂಗ್, ಸಾಮಾನ್ಯವಾಗಿ ಕಂಪನಿಯ ಹತ್ತಿರವೇ ಉಳಿಯುತ್ತಿತ್ತು. ಸ್ವತಂತ್ರವಾಗಿ ಆಲ್ಬಂ ತರುವ ಹಟದ ಬೇರು ಇರೋದು ಇಲ್ಲೇ.

ಇಂಗ್ಲೆಂಡಿನ ಬಜ್‌ಕಾಕ್ಸ್ ಬ್ಯಾಂಡಿನವರು 1976ರ ಕೊನೆಯಲ್ಲಿ ಸುಮಾರು 500 ಪೌಂಡ್ ಸಾಲ ಮಾಡಿ, ಮ್ಯಾಂಚೆಸ್ಟರ್‌ನ ಸ್ಟುಡಿಯೋ ಒಂದರಲ್ಲಿ ಒಂದೇ ದಿನ ನಾಲ್ಕು ಹಾಡು ಮುಗಿಸಿದರು. 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ಹೆಸರಲ್ಲಿ 1000 ಪ್ರತಿ ತಂದರು. ಪೂರ್ತಿ ಆಲ್ಬಂ ಅಲ್ಲ, ಪುಟ್ಟ ರೆಕಾರ್ಡು. ನನಗೆ ತುಂಬಾ ಇಷ್ಟವಾಗೋದು ಅದರ ಹಿಂಬದಿ. ಯಾವ ಹಾಡು ಎಷ್ಟನೇ ಟೇಕ್ (ಎಷ್ಟನೇ ಸಲ ನುಡಿಸಿದ್ದು), ಮೇಲಿಂದ ಏನಾದರೂ ಸೇರಿಸಿದ್ದಾರಾ ಅಂತ ಅಲ್ಲಿ ಬರೆದಿದ್ದರು. ಓದಿದ ಹುಡುಗರಿಗೆ ‘ಇಷ್ಟೇನಾ? ಹಾಗಾದ್ರೆ ನಾವೂ ಮಾಡಬಹುದಲ್ವಾ’ ಅನ್ನಿಸದೆ ಇದ್ದೀತೇ?

ಅಮೆರಿಕದ ವಾಷಿಂಗ್ಟನ್‌ನಲ್ಲಿ 1980ರಲ್ಲಿ ಶುರುವಾದ ಪುಟ್ಟ ರೆಕಾರ್ಡ್ ಕಂಪನಿ, ಡಿಸ್ಕಾರ್ಡ್ ಲೇಬಲ್‌ನವರದ್ದು ಇನ್ನೂ ಕೈಕೆಲಸ. ಒಂದು ರೆಕಾರ್ಡಿನ ಕವರ್ ಬಿಚ್ಚಿ, ಅದರ ಅಳತೆ ಗುರುತು ಹಾಕಿಕೊಂಡು, ತಮ್ಮ ರೆಕಾರ್ಡಿನ ಕವರ್‌ಗಳನ್ನು ಕೂತು ಕತ್ತರಿಸಿ, ಮಡಚಿ, ಅಂಟು ಹಚ್ಚಿದರು.

ಅಷ್ಟರಲ್ಲಿ ಯಂತ್ರವೂ ಮನೆಗೆ ಬಂದಿತ್ತು. 1979ರಲ್ಲಿ ಟಾಸ್ಕ್ಯಾಮ್ ಕಂಪನಿ ಮಾಮೂಲಿ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ (ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ಹಿಡಿದಿಡುವ ಪಟ್ಟಿ) ರೆಕಾರ್ಡ್ ಮಾಡುವ ಪೋರ್ಟಾಸ್ಟುಡಿಯೋ ತಂದಿತು. ಡ್ರಮ್ಸ್, ಬೇಸ್, ಗಿಟಾರ್‌ಗೇ ಮೂರು ಟ್ರ್ಯಾಕ್ ತುಂಬಿಹೋಗುತ್ತಿತ್ತು. ಆಗ ಆ ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ಇಳಿಸಬೇಕು, ಖಾಲಿಯಾದ ಜಾಗದಲ್ಲಿ ಹಾಡಬೇಕು. ಬೇಸ್ ಜಾಸ್ತಿಯಾಯ್ತು ಅಂತ ಆಮೇಲೆ ಗೊತ್ತಾದರೆ ಸರಿಮಾಡೋಕೆ ದಾರಿಯಿಲ್ಲ. ಇಳಿಸಿದಷ್ಟೂ ಟೇಪಿನ ‘ಸ್ಸ್’ ಸದ್ದು ಬೇರೆ ಏರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಈ ಕಷ್ಟ ಹೋಯಿತು. ಆದರೆ ಡ್ರಮ್ಸ್ ಇವತ್ತಿಗೂ ಸುಲಭವಲ್ಲ. ಅದಕ್ಕೆ ಹಲವು ಮೈಕು ಬೇಕು, ಒಳ್ಳೆ ಕೋಣೆ ಬೇಕು. ಹಾಗಾಗಿ ಎಷ್ಟೋ ಬ್ಯಾಂಡ್‌ಗಳು ಡ್ರಮ್ಸ್‌ಗೆ ಮಾತ್ರ ಸ್ಟುಡಿಯೋ ಹಿಡಿದು, ಉಳಿದದ್ದನ್ನು ಮನೆಯಲ್ಲೇ ಮಾಡಿಕೊಳ್ಳುತ್ತವೆ.

ಬಿಡುಗಡೆಯ ದಾರಿ ತೆರೆದಿದ್ದು ಇಂಟರ್ನೆಟ್. 2007ರಲ್ಲಿ ಹೆಸರಾಂತ ರಾಕ್ ಬ್ಯಾಂಡ್ ರೇಡಿಯೋಹೆಡ್ ತನ್ನ ‘ಇನ್ ರೇನ್‌ಬೋಸ್’ ಆಲ್ಬಂಗೆ ನಿಮಗೆ ತೋಚಿದಷ್ಟು ಕೊಡಿ ಅಂದಾಗ ದೊಡ್ಡ ಸುದ್ದಿಯಾಯಿತು. ಅದನ್ನು ಸಣ್ಣ ಬ್ಯಾಂಡ್‌ಗಳಿಗೆ ಮಾದರಿ ಅನ್ನೋದನ್ನು ನಾನು ಒಪ್ಪಲ್ಲ. ಅವರ ಹೆಸರು ಅಷ್ಟರಲ್ಲೇ ಲೋಕಕ್ಕೆಲ್ಲ ಗೊತ್ತಿತ್ತು. ಸಣ್ಣವರಿಗೆ ನಿಜವಾಗಿ ಕೈಹಿಡಿದದ್ದು 2008ರಲ್ಲಿ ಬಂದ, ಕೇಳುಗರಿಗೆ ನೇರವಾಗಿ ಹಾಡು ಮಾರುವ ಸೈಟು ಬ್ಯಾಂಡ್‌ಕ್ಯಾಂಪ್. ಬೆಲೆ ಬ್ಯಾಂಡೇ ಇಡಬಹುದು, ಡಿಜಿಟಲ್ ಮಾರಾಟದಲ್ಲಿ ಸೈಟಿಗೆ ಸಾಮಾನ್ಯವಾಗಿ ನೂರಕ್ಕೆ 15.

ಸ್ಟ್ರೀಮಿಂಗ್ ಲೆಕ್ಕವೇ ಬೇರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ವರ್ಷಕ್ಕೆ 1000 ಸಲವಾದರೂ ಕೇಳಿಸಿಕೊಳ್ಳದಿದ್ದರೆ ರೆಕಾರ್ಡಿಂಗಿನ ಪಾಲು ಕೈಗೆ ಬರಲ್ಲ. ಮಾಸ್ಟರ್ ಬ್ಯಾಂಡಿನದ್ದೇ, ಆದರೆ ಕೇಳುವವರನ್ನು ಎಲ್ಲಿಂದ ತರೋದು? ಅದಕ್ಕೇ ಎಷ್ಟೋ ಬ್ಯಾಂಡಿನವರು ಇವತ್ತಿಗೂ ಶೋ ಮುಗಿಸಿ, ಬೆವರು ಒರೆಸಿಕೊಂಡು, ಬಾಗಿಲ ಪಕ್ಕದ ಮೇಜಿಗೆ ಬಂದು ನಿಲ್ಲುತ್ತಾರೆ. ವಿನೈಲು, ಸಿಡಿ, ಟೀ ಶರ್ಟು ಹರಡಿಕೊಂಡು ತಾವೇ ಮಾರುತ್ತಾರೆ.