ಚಾರ್ಲ್ಸ್‌ಟನ್ನಿನ ಸೀಗಡಿ ತಟ್ಟೆಯಲ್ಲಿ ಪಶ್ಚಿಮ ಆಫ್ರಿಕಾ

ಅಮೆರಿಕದ ದಕ್ಷಿಣ ಕರಾವಳಿಯ ಹೋಟೆಲುಗಳಲ್ಲಿ ಈಚೆಗೆ ಒಂದು ಬಗೆಯ ಸೀಗಡಿ ಅಡುಗೆ ಹೆಸರು ಮಾಡುತ್ತಿದೆ. ತಳದಲ್ಲಿ ಗ್ರಿಟ್ಸ್, ಅಂದರೆ ಮೆಕ್ಕೆಜೋಳದ ನುಚ್ಚಿನ ಗಟ್ಟಿ ಗಂಜಿ. ಅದರ ಮೇಲೆ ಟೊಮೆಟೊ, ಈರುಳ್ಳಿ, ಸ್ಕಾಚ್ ಬಾನೆಟ್ ಮೆಣಸಿನಕಾಯಿ ಅರೆದು ಕೆಂಪು ತಾಳೆ ಎಣ್ಣೆಯಲ್ಲಿ ಬಾಡಿಸಿದ ಗೊಜ್ಜು, ಗೊಜ್ಜಿನಲ್ಲಿ ಸೀಗಡಿ. ಪಶ್ಚಿಮ ಆಫ್ರಿಕಾ ಮತ್ತು ಅಮೆರಿಕದ ದಕ್ಷಿಣದ ಫ್ಯೂಷನ್ ಎಂದು ಮೆನುವಿನಲ್ಲಿ ಇರುತ್ತದೆ. ಓದಿದವರು ಇದು ಯಾರೋ ಬಾಣಸಿಗರ ಹೊಸ ಕಲ್ಪನೆ ಅಂದುಕೊಳ್ಳುತ್ತಾರೆ. ಆದರೆ ದಕ್ಷಿಣ ಕೆರೊಲಿನಾ, ಜಾರ್ಜಿಯಾ ರಾಜ್ಯಗಳ ಕರಾವಳಿಯಲ್ಲಿ ಈ ಎರಡು ರುಚಿಗಳು ಕೂಡಿ ಸುಮಾರು ಮುನ್ನೂರು ವರ್ಷಗಳಾದವು. ಕೂಡಿಸಿದವರ ಹೆಸರನ್ನು ಮಾತ್ರ ಬಹುಕಾಲ ಯಾರೂ ಬರೆದಿಡಲಿಲ್ಲ.

ಎಲ್ಲಕ್ಕೂ ಮೂಲ ಭತ್ತ. 17ನೇ ಶತಮಾನದ ಕೊನೆಯಲ್ಲಿ ಕೆರೊಲಿನಾದಲ್ಲಿ ಭತ್ತ ಬೆಳೆಸಹೊರಟ ಇಂಗ್ಲಿಷ್ ಜಮೀನ್ದಾರರಿಗೆ ಆ ಬೇಸಾಯ ಹೊಸದು. ಸೆನೆಗಲ್‌ನಿಂದ ಲೈಬೀರಿಯಾದವರೆಗಿನ ಕರಾವಳಿಯ ಜನ ತಮ್ಮದೇ ಆಫ್ರಿಕನ್ ತಳಿಯ ಭತ್ತವನ್ನು ಅದಕ್ಕೂ ಬಹಳ ಮೊದಲಿನಿಂದ ಬೆಳೆಯುತ್ತಿದ್ದರು. ಕಾಂಡ್ಲಾ ಕಾಡಿನ ಜೌಗಿನಲ್ಲಿ ಒಡ್ಡು ಕಟ್ಟಿ ಉಪ್ಪುನೀರು ತಡೆದು, ತೂಬಿನಿಂದ ನೀರು ಬಿಟ್ಟು ತೆಗೆಯುವುದು ಅವರಿಗೆ ಗೊತ್ತಿತ್ತು. ಕುಮಟಾ ಬಳಿ ಅಘನಾಶಿನಿ ಅಳಿವೆಯ ಗಜನಿ ಗದ್ದೆ ನೋಡಿದವರಿಗೆ ಈ ಏರ್ಪಾಡು ಥಟ್ಟನೆ ಅರ್ಥವಾಗುತ್ತದೆ: ಮಳೆಗಾಲದಲ್ಲಿ ಕಗ್ಗ ಭತ್ತ, ಉಳಿದ ಕಾಲಕ್ಕೆ ಅದೇ ಗದ್ದೆಯ ಉಪ್ಪುನೀರಿನಲ್ಲಿ ಸೀಗಡಿ.

ಗುಲಾಮರ ವ್ಯಾಪಾರಿಗಳಿಗೂ ಇದು ಗೊತ್ತಿತ್ತು. ದಕ್ಷಿಣ ಕೆರೊಲಿನಾದ ಬಂದರು ನಗರ ಚಾರ್ಲ್ಸ್‌ಟನ್ನಿನ 18ನೇ ಶತಮಾನದ ಒಂದು ಪ್ರಸಿದ್ಧ ಜಾಹೀರಾತು, 'ವಿಂಡ್‌ವರ್ಡ್ ಮತ್ತು ರೈಸ್ ಕೋಸ್ಟ್'ನಿಂದ ಹಡಗಿನಲ್ಲಿ ಬಂದ ಸುಮಾರು 250 ಮಂದಿ ಮಾರಾಟಕ್ಕಿದ್ದಾರೆ ಎನ್ನುತ್ತದೆ. ಅಕ್ಕಿಯ ಕರಾವಳಿಯವರು ಎನ್ನುವುದನ್ನೇ ಸರಕಿನ ಹೆಚ್ಚುಗಾರಿಕೆಯಂತೆ ಅಚ್ಚು ಹಾಕಿಸಿದ್ದರು. ಕೆರೊಲಿನಾದ ಭತ್ತದ ತಂತ್ರದಲ್ಲಿ ಆಫ್ರಿಕಾದ ಪಾಲು ಎಷ್ಟು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇನ್ನೂ ಮುಗಿದಿಲ್ಲ. ಅಡುಗೆಮನೆಯ ವಿಷಯದಲ್ಲಿ ನನಗಂತೂ ಅನುಮಾನವಿಲ್ಲ. ಬೇಯಿಸುತ್ತಿದ್ದವರು ಅವರೇ.

ಆ ರುಚಿ ಅಳಿಯದೆ ಉಳಿದದ್ದಕ್ಕೆ ಕಾರಣಗಳಿವೆ. ಭತ್ತದ ಗದ್ದೆಗಳಲ್ಲಿ ಮಲೇರಿಯಾ ಕಾಟವಿತ್ತು, ಬೇಸಿಗೆ ಬಂತೆಂದರೆ ಬಿಳಿಯ ಯಜಮಾನರು ಊರು ಬಿಡುತ್ತಿದ್ದರು. ಜೊತೆಗೆ ಇಲ್ಲಿ ಗುಲಾಮರಿಗೆ ದಿನಕ್ಕಿಷ್ಟು ಕೆಲಸ ಎಂದು ಗೊತ್ತುಮಾಡುವ ಪದ್ಧತಿಯಿತ್ತು. ಅದು ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅವರು ಬೆಂಡೆ, ಅಲಸಂದೆ, ಎಳ್ಳು ಬೆಳೆದುಕೊಂಡರು, ತಾವೇ ಹೆಣೆದ ಬೀಸುಬಲೆ ಹಿಡಿದು ಕೊಲ್ಲಿಗಿಳಿದರು. ಯಜಮಾನರು ಅಳೆದು ಕೊಡುತ್ತಿದ್ದ ಪಡಿಯಲ್ಲಿ ಮೆಕ್ಕೆಜೋಳ ಮುಖ್ಯ. ಪಡಿಯ ಮೆಕ್ಕೆಜೋಳ, ಬಲೆಯ ಸೀಗಡಿ ಒಂದೇ ಒಲೆಗೆ ಬಂದದ್ದು ಹೀಗೆ. ಇವರ ಸಂತತಿಯೇ ಇಂದಿನ ಗಲ್ಲಾ ಗೀಚೀ ಜನ. ಅವರದು ತಮ್ಮದೇ ಭಾಷೆ, ತಮ್ಮದೇ ಊಟ.

ಇದರ ಕವಲುಗಳು ಸರಳವಾಗಿಲ್ಲ. ಮೆಕ್ಕೆಜೋಳದ ನುಚ್ಚನ್ನು ಬೇಯಿಸಿ ತಿನ್ನುವುದು ಅಮೆರಿಕದ ಮೂಲನಿವಾಸಿಗಳಿಂದ ಬಂದದ್ದು. ಟೊಮೆಟೊ, ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ ಎಲ್ಲವೂ ಅಮೆರಿಕ ಖಂಡಗಳಲ್ಲಿ ಹುಟ್ಟಿ, 16ನೇ ಶತಮಾನದಿಂದೀಚೆಗೆ ಯುರೋಪಿನ ಹಡಗುಗಳಲ್ಲಿ ಆಫ್ರಿಕಾ ಸೇರಿದವು. ಘಾನಾದವರು ಮೆಕ್ಕೆಜೋಳವನ್ನು ಹುಳಿ ಬರಿಸಿ ಕೆಂಕೆ, ಬಂಕು ಎಂಬ ಮುದ್ದೆಗಳನ್ನು ಮಾಡಿಕೊಂಡರು. ಹೀಗಾಗಿ ಇಂದು ಅಪ್ಪಟ ಆಫ್ರಿಕನ್ ಅನ್ನಿಸುವ ಕೆಂಪು ಗೊಜ್ಜಿನಲ್ಲೂ ಅಟ್ಲಾಂಟಿಕ್ ದಾಟಿದ ಸಾಮಾನುಗಳಿವೆ.

ನಂಟು ಕಣ್ಣಿಗೆ ಕಾಣುವುದು ಪಾತ್ರೆಯ ಹತ್ತಿರ ನಿಂತಾಗ. ಸೆನೆಗಲ್‌ನ ಚೆಬು ಜೆನ್ (2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೀನಿನ ಅನ್ನ), ನೈಜೀರಿಯ, ಘಾನಾಗಳ ಜೊಲೊಫ್ ಅನ್ನ, ಚಾರ್ಲ್ಸ್‌ಟನ್ನಿನ ರೆಡ್ ರೈಸ್, ಮೂರಕ್ಕೂ ಅಡಿಪಾಯ ಒಂದೇ. ಈರುಳ್ಳಿ ಬಾಡಿಸಿ, ಟೊಮೆಟೊ ಹಾಕಿ, ಹಸಿ ವಾಸನೆ ಹೋಗಿ ಎಣ್ಣೆ ಬಿಡುವವರೆಗೆ ಹುರಿದು, ಆ ರಸದಲ್ಲೇ ಅಕ್ಕಿ ಬೇಯಿಸುವುದು. ಆಫ್ರಿಕಾದಲ್ಲಿ ಒಣ ಮೀನು, ಒಣ ಸೀಗಡಿ ಕೊಡುವ ಗಾಢ ರುಚಿಯನ್ನು ಚಾರ್ಲ್ಸ್‌ಟನ್ನಿನಲ್ಲಿ ಹೊಗೆ ಹಾಕಿದ ಹಂದಿಮಾಂಸ ಕೊಡುತ್ತದೆ. ಸೀಗಡಿ ಗೊಜ್ಜು ಮಾಡುವವರು ತಲೆ, ಸಿಪ್ಪೆ ಎಸೆಯಲೇಬಾರದು. ಎಣ್ಣೆಯಲ್ಲಿ ಕೆಂಪಗೆ ಹುರಿದು, ಶುಂಠಿ ಜಜ್ಜಿ ಹಾಕಿ, ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಸಿಗುವ ರಸವೇ ಅಡುಗೆಯ ಜೀವ. ನಮ್ಮ ಕರಾವಳಿಯವರ ಮನೆಯಲ್ಲಿರುವ ಒಣ ಸೀಗಡಿಯನ್ನು ಒಂದು ಚಮಚ ಪುಡಿ ಮಾಡಿ ಸೇರಿಸಿದರೆ ನೈಜೀರಿಯದ ದಾರಿ ಹಿಡಿದಂತೆ. ಸೀಗಡಿ ಬೀಳಬೇಕಾದ್ದು ಕೊನೆಗೆ, ಎರಡು ಮೂರು ನಿಮಿಷ ಸಾಕು.

ಇಷ್ಟು ಹಳೆಯ ಅಡುಗೆ ದೇಶಕ್ಕೆಲ್ಲ ಗೊತ್ತಾದದ್ದು ಬೇರೆಯವರ ಕೈಯಿಂದ. ಚಾರ್ಲ್ಸ್‌ಟನ್ನಿನ ಸಿರಿವಂತ ಬಿಳಿಯ ಮಹಿಳೆಯರ ಸಂಘ ಜೂನಿಯರ್ ಲೀಗ್ 1950ರಲ್ಲಿ ತಂದ ಅಡುಗೆ ಪುಸ್ತಕದಲ್ಲಿ ಸೀಗಡಿ ಮತ್ತು ನುಚ್ಚು ಬೆಳಗಿನ ತಿಂಡಿಯಾಗಿ ಬಂತು. ಪುಟಗಳ ನಡುವೆ ಅಲಂಕಾರಕ್ಕೆ ಗಲ್ಲಾ ಭಾಷೆಯ ಪದ್ಯಗಳಿದ್ದವು, ಅಡುಗೆಗಳ ಕೆಳಗಿನ ಹೆಸರುಗಳು ಸಂಘದ ವಲಯದವರವು. 1985ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಕ್ರೇಗ್ ಕ್ಲೈಬೋರ್ನ್, ಉತ್ತರ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಬಿಲ್ ನೀಲ್ ಅವರ ಹೋಟೆಲಿನ ಸೀಗಡಿ ಗ್ರಿಟ್ಸ್ ಬಗ್ಗೆ ಬರೆದರು. ಬೇಕನ್, ಅಣಬೆ, ಚೀಸ್ ಹಾಕಿದ ಆ ರೂಪವೇ ದೇಶವೆಲ್ಲ ಹರಡಿತು. ನೀಲ್ ಪ್ರತಿಭಾವಂತ, ಅವರನ್ನು ದೂರುವುದಿಲ್ಲ. ಆದರೆ ಮೀನುಗಾರರ ಮನೆಯ ತಿಂಡಿ ದುಬಾರಿ ತಟ್ಟೆಗೆ ಏರುವಾಗ ಅದರ ಕಪ್ಪು ಅಡುಗೆಯವರು ಕಥೆಯಿಂದ ಬಿಟ್ಟುಹೋದರು, ಆ ನೋವು ನಿಜ.

ಬದಲಾವಣೆ ನಿಧಾನವಾಗಿ ಬಂತು. 2006ರಲ್ಲಿ ಅಮೆರಿಕದ ಸಂಸತ್ತು ಉತ್ತರ ಕೆರೊಲಿನಾದಿಂದ ಫ್ಲಾರಿಡಾವರೆಗಿನ ಕರಾವಳಿಯನ್ನು ಗಲ್ಲಾ ಗೀಚೀ ಪರಂಪರೆಯ ಪ್ರದೇಶವೆಂದು ಘೋಷಿಸಿತು. ಜಾರ್ಜಿಯಾದ ಸವಾನ್ನಾ ನಗರದ ಹಳೆಯ ಬಸ್ ನಿಲ್ದಾಣದಲ್ಲಿ ಹೋಟೆಲು ನಡೆಸುವ ಮಶಾಮಾ ಬೇಲಿ 2022ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ದೇಶದ ಶ್ರೇಷ್ಠ ಬಾಣಸಿಗ ಪ್ರಶಸ್ತಿ ಪಡೆದರು. ಅದೇ ವರ್ಷ, ಎಡಿಸ್ಟೊ ದ್ವೀಪದಲ್ಲಿ ದಶಕಗಳ ಕಾಲ ಬೇರೆಯವರ ಮನೆಗಳಲ್ಲಿ ಅಡುಗೆ ಮಾಡಿದ ಎಮಿಲಿ ಮೆಗೆಟ್ ತಮ್ಮ 89ನೇ ವಯಸ್ಸಿನಲ್ಲಿ ಗಲ್ಲಾ ಅಡುಗೆಗಳನ್ನು ತಮ್ಮದೇ ಹೆಸರಿನಲ್ಲಿ ಪ್ರಕಟಿಸಿದರು. ನ್ಯೂ ಆರ್ಲಿಯನ್ಸ್‌ನ ಸೆನೆಗಲ್ ರುಚಿಯ ಡಕಾರ್ ನೋಲಾ 2024ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿಗಳಲ್ಲಿ ಶ್ರೇಷ್ಠ ಹೊಸ ಹೋಟೆಲೆನಿಸಿತು.

ಅಡುಗೆಗೆ ಮರ್ಯಾದೆ ಸಿಗುವ ಹೊತ್ತಿಗೆ ಸೀಗಡಿಯೇ ಬೇರೆಯಾಗಿದೆ. ಅಮೆರಿಕನ್ನರು ತಿನ್ನುವ ಸೀಗಡಿಯಲ್ಲಿ ಶೇ 90ಕ್ಕೂ ಹೆಚ್ಚು ಆಮದು. ಕಳೆದ ಹತ್ತು ವರ್ಷಗಳ ಬಹುಭಾಗ ಭಾರತವೇ ದೊಡ್ಡ ಪೂರೈಕೆದಾರ, ಅದರಲ್ಲೂ ಆಂಧ್ರದ ಕೆರೆಗಳಲ್ಲಿ ಸಾಕುವ ವನ್ನಾಮಿ ಜಾತಿಯ ಸೀಗಡಿ. ಆ ಬೆಲೆಗೆ ಸಮನಾಗಿ ಮಾರಲಾಗದೆ ದಕ್ಷಿಣದ ದೋಣಿಗಳು ಕಡಿಮೆಯಾಗುತ್ತಿವೆ. ಊರಿನ ಅಡುಗೆ ಎಂದು ಹೆಮ್ಮೆಯಿಂದ ಬಡಿಸುವ ತಟ್ಟೆಯಲ್ಲಿ ಸೀಗಡಿ ಎಲ್ಲಿಯದು ಎಂದು ಬರೆಯಿರಿ ಎನ್ನುವುದು ಅಲ್ಲಿನ ಮೀನುಗಾರರ ಬೇಡಿಕೆ. ಅಲಬಾಮಾದಲ್ಲಿ 2024ರ ಅಕ್ಟೋಬರಿನಿಂದ ಹೋಟೆಲುಗಳು ಹಾಗೆ ಬರೆಯುವುದು ಕಡ್ಡಾಯವಾಗಿದೆ.